ಬಾಗಿಲು ತೆರೆದಿದೆ, ದೀಪ ಹತ್ತಿಲ್ಲ: ಅಪ್‌ಗ್ರೇಡ್ ಆದ ಮೇಲೆ ಕೆಡುವ ರಿಮೋಟ್ ಡೆಸ್ಕ್‌ಟಾಪ್ ಪರದೆ

(ಕಲಬುರಗಿಯ ಗಂಜ್, ಕಪನೂರು ಮತ್ತು ಸೂಪರ್ ಮಾರ್ಕೆಟ್ ಭಾಗದ ಅಂಗಡಿ, ಮಿಲ್ಲು, ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞರ ಎದುರು ಆಡಿದ ಮಾತುಗಳನ್ನು, ಪುನರುಕ್ತಿಗಳನ್ನು ತೆಗೆದು, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತೊಗರಿಯ ಸುಗ್ಗಿಯಲ್ಲಿ ಕಪನೂರಿನ ಒಂದು ದಾಲ್ ಮಿಲ್ಲಿನ ಮುನೀಮರು ಬೆಳಿಗ್ಗೆ ಎಂಟು ಗಂಟೆಗೇ ನನಗೆ ಕರೆ ಮಾಡಿದರು. ಅವರ ಮಾತನ್ನು ಅವರ ಧಾಟಿಯಲ್ಲೇ ಹೇಳುವುದಾದರೆ, "ಸರ್, ಮಿಲ್ಲಿನ ಕಂಪ್ಯೂಟರ್ ಚಾಲೂ ಅದ, ಪಾಸ್‌ವರ್ಡ್ ಹಾಕಿದ್ರ ತಗೋತದ, ಆದ್ರ ಪರದೆ ಪೂರಾ ಕರ್ರಗ ಆಗ್ಯಾದ ನೋಡ್ರಿ, ಏನೂ ಕಾಣವಲ್ದು." ಹಿಂದಿನ ದಿನ ಸಂಜೆ ಯಾರೋ ಬಂದು ಆ ಯಂತ್ರವನ್ನು ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಏರಿಸಿ ಹೋಗಿದ್ದರು. ಮುನೀಮರು ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ವಿಂಡೋಸ್‌ನ ಸೌಲಭ್ಯ) ಮೂಲಕ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದು ಆ ದಿನದ ಆವಕದ ಲೆಕ್ಕ ಬರೆಯುವ ರೂಢಿಯವರು. ನಾನು ಫೋನ್ ಎತ್ತುವ ಮುನ್ನವೇ ಅವರು ಮನೆಯ ರೂಟರನ್ನು ಮೂರು ಸಲ ಆರಿಸಿ ಹಚ್ಚಿದ್ದರು, ಮೊಬೈಲಿನ ನೆಟ್ ಹಾಕಿ ನೋಡಿದ್ದರು, ಮಿಲ್ಲಿನಲ್ಲಿದ್ದ ಹುಡುಗನೊಬ್ಬನ ಸಲಹೆಯಂತೆ ಫಾರ್ಮ್ಯಾಟ್ ಮಾಡಿಸುವ ಮಾತಿಗೂ ಬಂದಿದ್ದರು.

ಇವೆಲ್ಲವೂ ವ್ಯರ್ಥ ಶ್ರಮ ಎಂಬುದು ಅವರ ಮೊದಲ ವಾಕ್ಯದಲ್ಲಿಯೇ ಇತ್ತು. ಪಾಸ್‌ವರ್ಡನ್ನು ಆ ಕಡೆಯ ಯಂತ್ರ ಒಪ್ಪಿಕೊಂಡಿದೆ ಎಂದ ಮೇಲೆ ನೆಟ್ ಸರಿಯಿದೆ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ ತೆರೆದಿದೆ, ಖಾತೆಯೂ ಸರಿಯಿದೆ. ಕಪ್ಪು ಪರದೆ ಕಂಡಿತೆಂದರೆ ಸಂಪರ್ಕ ಕೆಟ್ಟಿದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ನಾನು ಅದನ್ನು ಸಂಪರ್ಕ ಏರ್ಪಟ್ಟಿದೆ ಎಂಬುದಕ್ಕೆ ಸಿಕ್ಕ ಸಾಕ್ಷಿ ಎಂದೇ ತಿಳಿಯುತ್ತೇನೆ. ಬಾಗಿಲು ತೆರೆದಿದೆ, ಒಳಗೆ ದೀಪ ಹತ್ತಿಲ್ಲ, ಅಷ್ಟೇ. ಬಾಗಿಲಿನ ಕೀಲಿಯನ್ನೇ ಮತ್ತೆ ಮತ್ತೆ ತಿರುವುತ್ತ ಕುಳಿತರೆ ದೀಪ ಹತ್ತುವುದಿಲ್ಲ.

ದೀಪ ಹಚ್ಚುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ನಮ್ಮ ಕಣ್ಣೆದುರು ಕಾಣುವ ಚಿತ್ರ ಸಿದ್ಧವಾಗುವುದು ದೂರದ ಯಂತ್ರದಲ್ಲಿ. ನಮ್ಮ ಕಡೆಯ ಯಂತ್ರ ಆ ಚಿತ್ರವನ್ನು ಬಿಡಿಸಿ ತೋರಿಸುತ್ತದೆ ಮತ್ತು ನಮ್ಮ ಕೀಲಿಮಣೆ, ಮೌಸ್‌ಗಳ ಚಲನೆಯನ್ನು ಅತ್ತ ಕಳಿಸುತ್ತದೆ. ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಈ ವ್ಯವಸ್ಥೆಯನ್ನು ತಂದಾಗ, ಗೆರೆ ಎಳೆ, ಆಯತ ತುಂಬು, ಅಕ್ಷರ ಬರೆ ಎಂಬಂತಹ ಚಿಕ್ಕ ಚಿಕ್ಕ ಆಜ್ಞೆಗಳೇ ಹೆಚ್ಚಾಗಿ ತಂತಿಯ ಮೇಲೆ ಹೋಗುತ್ತಿದ್ದವು. ಇಂದು ಇಡೀ ಪರದೆಯನ್ನು ವಿಡಿಯೋದಂತೆ ಸಂಕುಚಿಸಿ ಕಳಿಸುವ ಪದ್ಧತಿ ಬೆಳೆದಿದೆ. ಇದರ ಜೊತೆಗೇ, ದೂರದ ಯಂತ್ರದಲ್ಲಿ ಮಾನಿಟರಿನ ಬದಲಿಗೆ ಕುಳಿತು ಚಿತ್ರವನ್ನು ಸ್ವೀಕರಿಸುವ ಕಾಲ್ಪನಿಕ ಡಿಸ್‌ಪ್ಲೇ ಡ್ರೈವರ್ ಸಹ ಬದಲಾಯಿತು. ಎಕ್ಸ್‌ಡಿಡಿಎಂ ಎಂಬ ಹಳೆಯ ಮಾದರಿ ಹೋಗಿ ಡಬ್ಲ್ಯುಡಿಡಿಎಂ ಎಂಬ ಹೊಸ ಮಾದರಿ ಬಂದಿತು. ವಿಂಡೋಸ್ 10ರ 1903ನೇ ಆವೃತ್ತಿ 2019ರಲ್ಲಿ ಬಂದಾಗ, ಇಂಟೆಲ್ 4 ಸರಣಿಯ ಚಿಪ್‌ಸೆಟ್‌ನಂತಹ ಹಳೆಯ ಗ್ರಾಫಿಕ್ಸ್ ಇರುವ ಕೆಲವು ಯಂತ್ರಗಳಿಗೆ ರಿಮೋಟ್ ಮೂಲಕ ಹೊಕ್ಕರೆ ಕಪ್ಪು ಪರದೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತ್ತು. ಕಾರ್ಯಾಚರಣಾ ವ್ಯವಸ್ಥೆ ಮೇಲೇರಿದಾಗ ನೆಟ್‌ವರ್ಕಿಗಿಂತ ಮೊದಲು ಏಟು ಬೀಳುವುದು ಚಿತ್ರ ಬರೆಯುವ ಈ ಡ್ರೈವರುಗಳಿಗೆ ಎಂಬುದನ್ನು ಇಂದು ನೀವು ಇಲ್ಲಿಂದ ಕೊಂಡೊಯ್ದರೆ ನನಗೆ ಸಾಕು. ಉಳಿದದ್ದೆಲ್ಲ ಇದರ ವಿಸ್ತರಣೆ.

ಇಂತಹ ಕರೆ ಬಂದಾಗ ನಾನು ಮೊದಲು ಕೇಳುವುದು, ಕಪ್ಪು ಪರದೆಯ ಮೇಲೆ ಮೌಸಿನ ಬಾಣ ಕಾಣುತ್ತಿದೆಯೇ ಎಂದು. ಬಳಿಕ ಕಂಟ್ರೋಲ್, ಆಲ್ಟ್, ಎಂಡ್ ಕೀಲಿಗಳನ್ನು ಒಟ್ಟಿಗೆ ಒತ್ತಲು ಹೇಳುತ್ತೇನೆ. ಎದುರಿಗಿರುವ ಯಂತ್ರಕ್ಕೆ ಕಂಟ್ರೋಲ್, ಆಲ್ಟ್, ಡಿಲೀಟ್ ಹೇಗೋ, ರಿಮೋಟ್ ಸೆಷನ್ನಿನೊಳಗೆ, ಅಂದರೆ ದೂರದ ಯಂತ್ರದಲ್ಲಿ ಲಾಗಿನ್ ಆಗಿ ತೆರೆದ ಕೆಲಸದೊಳಗೆ, ಇದು ಹಾಗೆ. ಎಂಡ್ ಕೀಲಿ ಬೇರೆಯಾಗಿ ಇಲ್ಲದ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಫಂಕ್ಷನ್ ಕೀಲಿಯೊಡನೆ ಬಲಬಾಣವನ್ನು ಒತ್ತಬೇಕಾಗುತ್ತದೆ. ಒತ್ತಿದ ಕೂಡಲೇ ಲಾಕ್, ಸೈನ್ ಔಟ್, ಟಾಸ್ಕ್ ಮ್ಯಾನೇಜರ್ ಎಂಬ ಸಾಲುಗಳಿರುವ ಪರದೆ ಮೂಡಿದರೆ, ಚಿತ್ರ ಬರುವ ದಾರಿಯಲ್ಲಿ ದೋಷವಿಲ್ಲ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬಹುದು. ಆಗ ಕೆಟ್ಟಿರುವುದು ಡೆಸ್ಕ್‌ಟಾಪ್, ಟಾಸ್ಕ್‌ಬಾರ್‌ಗಳನ್ನು ಹಾಸುವ ಎಕ್ಸ್‌ಪ್ಲೋರರ್ ಮಾತ್ರ. ಟಾಸ್ಕ್ ಮ್ಯಾನೇಜರ್ ತೆರೆದು ಹೊಸ ಟಾಸ್ಕ್ ಎಂಬಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಎಂದು ಕೊಟ್ಟರೆ ಡೆಸ್ಕ್‌ಟಾಪ್ ಮರಳುತ್ತದೆ. ಅದು ತಾನಾಗಿ ಏಕೆ ಏಳಲಿಲ್ಲ ಎಂಬುದನ್ನು ಆಮೇಲೆ ಬಿಡುವಾಗಿ ಹುಡುಕಬಹುದು. ನನ್ನ ಅನುಭವದಲ್ಲಿ ಹಳೆಯ ಆಂಟಿವೈರಸ್ ಅಥವಾ ಸ್ಟಾರ್ಟ್ ಮೆನುವನ್ನು ಹಳೆಯ ರೂಪಕ್ಕೆ ತಿರುಗಿಸುವ ಉಪಕರಣಗಳು ಇದರ ಹಿಂದೆ ಇರುವುದೇ ಹೆಚ್ಚು.

ಕೀಲಿ ಒತ್ತಿದರೂ ಪರದೆ ಕಪ್ಪಾಗಿಯೇ ಉಳಿದರೆ, ಮಿಲ್ಲಿನಲ್ಲೋ ಕಚೇರಿಯಲ್ಲೋ ಆ ಯಂತ್ರದ ಎದುರಿಗೆ ಕುಳಿತಿರುವವರ ನೆರವು ಬೇಕಾಗುತ್ತದೆ. ಅದೇ ಖಾತೆಯ ಪಾಸ್‌ವರ್ಡ್ ಹಾಕಿ ಒಳಗೆ ಹೋಗಲು ಅವರಿಗೆ ಹೇಳಿ. ವಿಂಡೋಸ್‌ನ ಮಾಮೂಲು ಆವೃತ್ತಿಗಳಲ್ಲಿ ಒಂದು ಖಾತೆಗೆ ಒಂದೇ ಸೆಷನ್ ಇರುವುದರಿಂದ, ಅವರು ಒಳಹೊಕ್ಕ ಕೂಡಲೇ ನಿಮ್ಮ ಸಂಪರ್ಕ ಕಡಿದು, ನೀವು ಬಿಟ್ಟಿದ್ದ ಅದೇ ಸೆಷನ್ ಅಲ್ಲಿನ ಮಾನಿಟರಿಗೆ ವರ್ಗವಾಗುತ್ತದೆ. ಟ್ಯಾಲಿ ತೆರೆದಿದ್ದರೆ ತೆರೆದಂತೆಯೇ ಕಾಣುತ್ತದೆ. ಹಾಗೆ ಕಂಡಿತೆಂದರೆ ಸೆಷನ್ ಜೀವಂತವಾಗಿದೆ, ದತ್ತಾಂಶ ಸುರಕ್ಷಿತವಾಗಿದೆ, ದೋಷವಿರುವುದು ಹೆಚ್ಚಾಗಿ ರಿಮೋಟ್ ಚಿತ್ರದ ಡ್ರೈವರಿನಲ್ಲಿ ಎಂದು ತಿಳಿಯುತ್ತದೆ. ಕಪ್ಪು ಪರದೆ ಕಂಡ ತಕ್ಷಣ ಯಂತ್ರದ ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಬರೆಯುತ್ತಿರುವ ಲೆಕ್ಕದ ಕಡತ ಆ ಕತ್ತಲೆಯ ಹಿಂದೆ ತೆರೆದೇ ಇರಬಹುದು.

ಮುನೀಮರ ಪ್ರಕರಣದಲ್ಲಿ ಹೀಗೆಯೇ ಆಯಿತು. ಮಿಲ್ಲಿನ ಹುಡುಗ ಒಳಹೊಕ್ಕಾಗ ಎಲ್ಲವೂ ಇದ್ದಲ್ಲಿಯೇ ಇತ್ತು. ಅವನಿಂದ ಡಿವೈಸ್ ಮ್ಯಾನೇಜರ್ ತೆರೆಸಿ, ಡಿಸ್‌ಪ್ಲೇ ಅಡಾಪ್ಟರ್ ಎಂಬ ಸಾಲಿನಡಿ ಏನಿದೆ ಎಂದು ಓದಿಸಿದೆ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಓದಿದ. ಯಂತ್ರಕ್ಕೆ ತಕ್ಕ ಗ್ರಾಫಿಕ್ಸ್ ಡ್ರೈವರ್ ಸಿಗದಿದ್ದಾಗ ವಿಂಡೋಸ್ ಹಾಕಿಕೊಳ್ಳುವ ಆಪದ್ಧರ್ಮದ ಡ್ರೈವರ್ ಅದು. ವಿಚಾರಿಸಿದಾಗ ತಿಳಿದದ್ದು, ಆ ಯಂತ್ರ ನಾಲ್ಕನೇ ಪೀಳಿಗೆಯ ಇಂಟೆಲ್ ಪ್ರೊಸೆಸರಿನದು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಮತ್ತು ಅದರ ನಂತರದ ಪ್ರೊಸೆಸರುಗಳನ್ನು, ಜೊತೆಗೆ ಭದ್ರತಾ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ಪನ್ನು ಬೇಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, ಈ ತಪಾಸಣೆಯನ್ನು ಬದಿಗೆ ಸರಿಸಿ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹಾಕಿಕೊಡುವ ಕೆಲಸ ನಮ್ಮೂರಿನಲ್ಲಿ ಧಾರಾಳವಾಗಿ ನಡೆದಿದೆ. ಹೊಸ ಯಂತ್ರ ಕೊಳ್ಳಲು ಎಲ್ಲರ ಬಳಿಯೂ ಹಣವಿರುವುದಿಲ್ಲವಾದ್ದರಿಂದ ನಾನು ಅದನ್ನು ದೂಷಿಸುವುದಿಲ್ಲ. ಆದರೆ ಹಾಗೆ ಹಾಕಿಕೊಟ್ಟವರು ಡ್ರೈವರನ್ನೂ ನೋಡಿ ಹೋಗಬೇಕಿತ್ತು. ಎದುರಿನ ಮಾನಿಟರಿನಲ್ಲಿ ಚಿತ್ರ ಬಂದಿತೆಂಬ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅವರು ಎದ್ದಿದ್ದರು.

ತಾತ್ಕಾಲಿಕ ಪರಿಹಾರವೂ ಒಂದಿದೆ. ದೂರದ ಯಂತ್ರದಲ್ಲಿ ಗ್ರೂಪ್ ಪಾಲಿಸಿ ಎಡಿಟರ್ (ವಿಂಡೋಸ್‌ನ ಒಳ ನಿಯಮಗಳನ್ನು ಬದಲಿಸುವ ಉಪಕರಣ) ತೆರೆದು, ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್, ರಿಮೋಟ್ ಸೆಷನ್ ಎನ್ವಿರಾನ್‌ಮೆಂಟ್ ಎಂಬ ದಾರಿಯಲ್ಲಿ ಇಳಿದರೆ, ರಿಮೋಟ್ ಸಂಪರ್ಕಗಳಿಗೆ ಡಬ್ಲ್ಯುಡಿಡಿಎಂ ಡಿಸ್‌ಪ್ಲೇ ಡ್ರೈವರ್ ಬಳಸಬೇಕೇ ಎಂದು ಕೇಳುವ ಒಂದು ಪಾಲಿಸಿ ಸಿಗುತ್ತದೆ. ಅದನ್ನು ಡಿಸೇಬಲ್ಡ್ ಎಂದು ಇಟ್ಟು ಯಂತ್ರವನ್ನು ಮರುಚಾಲನೆ ಮಾಡಿದರೆ ಹಳೆಯ ಮಾದರಿಯ ಡ್ರೈವರ್ ಕೆಲಸಕ್ಕೆ ಬರುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದೇ ಇಲ್ಲವಾದ್ದರಿಂದ, ನೀವು ಒಳಹೊಕ್ಕಿರುವ ಯಂತ್ರದಲ್ಲಿ ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿಯೇ ಇರುತ್ತದೆ. ಮುನೀಮರಿಗೆ ಆ ಹೊತ್ತಿನ ಕೆಲಸ ನಡೆಯಲೆಂದು ನಾನು ಇದನ್ನೇ ಮಾಡಿಸಿದೆ. ಆದರೆ ಇದು ಊರುಗೋಲು. ಮಧ್ಯಾಹ್ನ ಮಿಲ್ಲಿಗೆ ಹೋಗಿ, ಯಂತ್ರದ ತಯಾರಕರ ತಾಣದಿಂದ ಗ್ರಾಫಿಕ್ಸ್ ಡ್ರೈವರ್ ಇಳಿಸಿ ಹಾಕಿ, ಪಾಲಿಸಿಯನ್ನು ಮೊದಲಿನಂತೆ ನಾಟ್ ಕಾನ್ಫಿಗರ್ಡ್ ಎಂದು ಮರಳಿಸಿದ ಮೇಲೆಯೇ ನನ್ನ ಲೆಕ್ಕದಲ್ಲಿ ದುರಸ್ತಿ ಮುಗಿದದ್ದು. ಡ್ರೈವರಿನ ಕೆಲಸವನ್ನು ರಿಮೋಟ್ ಮೂಲಕವೇ ಮಾಡುವ ಧೈರ್ಯ ಮಾಡಬೇಡಿ. ಕುಳಿತ ಕೊಂಬೆಯನ್ನೇ ಕಡಿದಂತಾದೀತು.

ಊಹೆಗಿಂತ ದಾಖಲೆ ಮೇಲು. ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ಟರ್ಮಿನಲ್ ಸರ್ವಿಸಸ್ ಲೋಕಲ್ ಸೆಷನ್ ಮ್ಯಾನೇಜರ್ ಎಂಬ ವಿಭಾಗದ ಆಪರೇಷನಲ್ ಲಾಗ್ ತೆರೆದರೆ, 21 ಎಂಬ ಸಂಖ್ಯೆ ಲಾಗಿನ್ ಯಶಸ್ವಿಯಾದುದನ್ನು, 22 ಶೆಲ್ (ಇಲ್ಲಿ ಎಕ್ಸ್‌ಪ್ಲೋರರ್) ಆರಂಭವಾದುದನ್ನು, 24 ಸಂಪರ್ಕ ಕಡಿದುದನ್ನು, 25 ಮರುಸಂಪರ್ಕವನ್ನು ಹೇಳುತ್ತವೆ. 21 ಬಂದು 22 ಬಾರದಿದ್ದರೆ ಎಕ್ಸ್‌ಪ್ಲೋರರ್ ಏಳಲಿಲ್ಲ. ಎರಡೂ ಬಂದು ಪರದೆ ಕಪ್ಪಾಗಿದ್ದರೆ ಡ್ರೈವರಿನತ್ತ ನೋಡಬೇಕು. ಹತ್ತು ನಿಮಿಷದ ಫೋನ್ ಮಾತು ಹೇಳಲಾರದ್ದನ್ನು ಈ ಎರಡು ಸಾಲು ಹೇಳಿಬಿಡುತ್ತವೆ.

ಪರದೆ ಸರಿಯಾಗಿ ಬಂದು, ಸ್ವಲ್ಪ ಹೊತ್ತಿಗೆ ಹೋಗುವುದು ಬೇರೆ ಜಾತಿಯ ದೋಷ. ಇಲ್ಲಿ ಗಡಿಯಾರ ಹಿಡಿದು ನೋಡುವುದು ಒಳ್ಳೆಯದು. 2025ರ ಆರಂಭದಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಂಡೋಸ್ ಸರ್ವರ್ 2016 ಅಥವಾ ಅದಕ್ಕಿಂತ ಹಳೆಯ ಸರ್ವರಿಗೆ ಯುಡಿಪಿ (ತಲುಪಿತೇ ಎಂದು ಕಾಯದೆ ದತ್ತಾಂಶ ಕಳಿಸುವ ವಿಧಾನ) ಮೂಲಕ ಸಂಪರ್ಕಿಸಿದವರಿಗೆ 65 ಸೆಕೆಂಡಿಗೆ ಸರಿಯಾಗಿ ಸೆಷನ್ ಕಡಿದುಹೋಗುತ್ತಿತ್ತು. ಅದು ಮೈಕ್ರೋಸಾಫ್ಟ್‌ನದೇ ಅಪ್‌ಡೇಟ್ ತಂದ ದೋಷವಾಗಿತ್ತು ಮತ್ತು ಮಾರ್ಚ್ ಕೊನೆಯಲ್ಲಿ ಬಂದ ಅಪ್‌ಡೇಟಿನಲ್ಲಿ ಅದನ್ನು ಸರಿಪಡಿಸಲಾಯಿತು. ರಿಮೋಟ್ ಡೆಸ್ಕ್‌ಟಾಪ್ ಮೊದಲಿನಿಂದಲೂ, ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ಟಿಸಿಪಿಯನ್ನು ಬಳಸುತ್ತದೆ, 8.0 ಆವೃತ್ತಿಯಿಂದೀಚೆಗೆ ಚಿತ್ರ ಸರಾಗವಾಗಿ ಹರಿಯಲೆಂದು ಯುಡಿಪಿಯನ್ನೂ ಸೇರಿಸಿಕೊಂಡಿದೆ. ಚಿತ್ರ ನಿಂತು ನಿಂತು ಬರುತ್ತಿದ್ದರೆ ಅಥವಾ ಪ್ರತಿಸಲ ಒಂದೇ ಅವಧಿಗೆ ಕಡಿದುಹೋಗುತ್ತಿದ್ದರೆ, ನಮ್ಮ ಕಡೆಯ ಯಂತ್ರದಲ್ಲಿ ಯುಡಿಪಿ ಬಳಕೆಯನ್ನು ನಿಲ್ಲಿಸುವ ಪಾಲಿಸಿಯನ್ನು ಹಾಕಿ ಒಮ್ಮೆ ಪರೀಕ್ಷಿಸಿ. ಹಾಗೆ ಮಾಡಿದಾಗ ಸರಿಹೋದರೆ ದೋಷ ದಾರಿಯಲ್ಲಿದೆ, ಡ್ರೈವರಿನಲ್ಲಿಲ್ಲ. ಅಪ್‌ಗ್ರೇಡ್ ಆದದ್ದು ಆ ಕಡೆಯ ಯಂತ್ರವಲ್ಲದೆ ಈ ಕಡೆಯದೂ ಇರಬಹುದು ಎಂಬುದನ್ನು ಬಹಳಷ್ಟು ಜನ ಮರೆಯುತ್ತಾರೆ. ಮೊಬೈಲಿನಿಂದಲೋ ಬೇರೆ ಲ್ಯಾಪ್‌ಟಾಪಿನಿಂದಲೋ ಅದೇ ಯಂತ್ರಕ್ಕೆ ಹೊಕ್ಕು ನೋಡಿದರೆ ಯಾವ ದಡದಲ್ಲಿ ಕೆಟ್ಟಿದೆ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ದೋಷ ಈ ದಡದ್ದೇ ಆದರೆ, ಸಂಪರ್ಕ ಕಿಟಕಿಯ ಎಕ್ಸ್‌ಪೀರಿಯನ್ಸ್ ವಿಭಾಗದಲ್ಲಿ ಬಿಟ್‌ಮ್ಯಾಪ್ ಕ್ಯಾಶಿಂಗ್ ಎಂಬುದರ ಗುರುತು ತೆಗೆದು, ಪೂರ್ಣ ಪರದೆಯ ಬದಲು ಚಿಕ್ಕ ಅಳತೆಯ ಕಿಟಕಿಯಲ್ಲಿ ತೆರೆದು ನೋಡಿ. ಅಳತೆ ಬದಲಾದಾಗ ಚಿತ್ರವನ್ನು ಹೊಸದಾಗಿ ಬರೆಯಲೇಬೇಕಾದ್ದರಿಂದ ಎಷ್ಟೋ ಸಲ ಅಂಟಿಕೊಂಡ ಪರದೆ ಬಿಡಿಸಿಕೊಳ್ಳುತ್ತದೆ.

ಈಗ ನಮ್ಮ ಭಾಗದವರಿಗೆ ಹೆಚ್ಚು ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ: ಕನ್ನಡ ಅಕ್ಷರಗಳು. ವಕೀಲರ ಕಚೇರಿಗಳಲ್ಲಿ, ದಸ್ತಾವೇಜು ಬರೆಯುವವರಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ರಾಶಿ ರಾಶಿಯಾಗಿವೆ. ಇವು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ತಲೆಬುಡವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತದೆ. ಅಪ್‌ಗ್ರೇಡ್ ಎಂಬ ಹೆಸರಿನಲ್ಲಿ ಹಳೆಯದನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದಾಗ ಈ ಫಾಂಟುಗಳು ಹೋಗುತ್ತವೆ. ಆಗ ಆಳಂದದಲ್ಲೋ ಸೇಡಂನಲ್ಲೋ ಕುಳಿತು ಕಲಬುರಗಿಯ ಯಂತ್ರಕ್ಕೆ ಹೊಕ್ಕವರು, ತಮ್ಮ ಲ್ಯಾಪ್‌ಟಾಪಿಗೆ ನುಡಿ ಹಾಕಿಕೊಂಡು, ಆದರೂ ಅಕ್ಷರ ಬರಲಿಲ್ಲವೆಂದು ನಿರಾಶರಾಗುತ್ತಾರೆ. ಚಿತ್ರ ಸಿದ್ಧವಾಗುವುದು ದೂರದ ಯಂತ್ರದಲ್ಲಿ ಎಂದು ಆಗಲೇ ಹೇಳಿದೆ. ಫಾಂಟ್ ಇರಬೇಕಾದದ್ದೂ ಅಲ್ಲಿಯೇ. ತುಂಗಾ ಫಾಂಟಿನ ಕಥೆ ಸ್ವಲ್ಪ ಬೇರೆ. ವಿಂಡೋಸ್ 10ರಿಂದ ಅದು ಎಲ್ಲ ಯಂತ್ರಗಳಲ್ಲೂ ತಾನಾಗಿ ಇರುವ ಫಾಂಟ್ ಅಲ್ಲ, ಆಪ್ಷನಲ್ ಫೀಚರ್ಸ್ ಎಂಬಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಹೆಸರಿನಲ್ಲಿ ಅದನ್ನು ಸೇರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಯೂನಿಕೋಡ್ ಕಡತ ನಿರ್ಮಲಾ ಯುಐ ಫಾಂಟಿನಲ್ಲಿ ತೆರೆದುಕೊಳ್ಳುತ್ತದೆ, ಓದಲು ತೊಂದರೆಯಿಲ್ಲ. ಆದರೆ ಸಾಲುಗಳ ಅಳತೆ ಬದಲಾಗಿ, ಒಂದು ಪುಟದ ಕರಾರುಪತ್ರ ಎರಡನೆಯ ಪುಟಕ್ಕೆ ಹರಿದು ಸಹಿಯ ಜಾಗ ಮಾತ್ರ ಅಲ್ಲಿ ಉಳಿದದ್ದನ್ನು ನಾನು ಕಂಡಿದ್ದೇನೆ.

ಅಕ್ಷರ ಬಂದರೂ ಒತ್ತಕ್ಷರಗಳು ಕಲಸಿಕೊಂಡು, 'ಷ್ಟ್ರ' ಎಂಬುದು ಮಸಿಯ ಉಂಡೆಯಂತೆ ಕಾಣುವುದು ಇನ್ನೊಂದು ದೂರು. ಇಂಗ್ಲಿಷ್ ಮಾತ್ರ ಓದುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಮೊದಲು ಎಕ್ಸ್‌ಪೀರಿಯನ್ಸ್ ವಿಭಾಗದಲ್ಲಿ ಫಾಂಟ್ ಸ್ಮೂಥಿಂಗ್ ಗುರುತು ಇದೆಯೇ ನೋಡಿ. ನಿಧಾನದ ಸಂಪರ್ಕವೆಂದು ಆಯ್ದುಕೊಂಡಿದ್ದರೆ ಅದು ಆರಿರುತ್ತದೆ. ಬಣ್ಣದ ಹಿನ್ನೆಲೆಯ ಮೇಲಿನ ಬಣ್ಣದ ಅಕ್ಷರಗಳು ಮಾತ್ರ ಮಸುಕಾಗುತ್ತಿದ್ದರೆ ಕಾರಣ ವಿಡಿಯೋ ಸಂಕೋಚನೆಯದು. ಸಾಮಾನ್ಯ ಎಚ್.264 ಪದ್ಧತಿ ಬೆಳಕಿನ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಚಲನಚಿತ್ರಕ್ಕೆ ಅದು ನಡೆಯುತ್ತದೆ, ಒತ್ತಕ್ಷರಕ್ಕೆ ನಡೆಯುವುದಿಲ್ಲ. ದೂರದ ಯಂತ್ರದ ಅದೇ ಪಾಲಿಸಿ ವಿಭಾಗದಲ್ಲಿ ಎವಿಸಿ 444 ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಬಣ್ಣದ ವಿವರ ಪೂರ್ತಿ ಉಳಿಯುತ್ತದೆ. ಇದಕ್ಕೆ ತುಸು ಹೆಚ್ಚಿನ ಬ್ಯಾಂಡ್‌ವಿಡ್ತ್ ಬೇಕಾಗುತ್ತದೆ.

ಲಿನಕ್ಸ್ ಬಳಸುವವರು ಇಲ್ಲಿ ಕಡಿಮೆ ಇದ್ದರೂ ಕಾಲೇಜುಗಳ ಪ್ರಯೋಗಾಲಯಗಳಿಗಾಗಿ ಒಂದೆರಡು ಮಾತು. ಉಬುಂಟು 22.04ರಲ್ಲಿ ಡೆಸ್ಕ್‌ಟಾಪ್ ಹಂಚಿಕೆಯ ಡೀಫಾಲ್ಟ್ ಪದ್ಧತಿ, ವಿಎನ್‌ಸಿ ಎಂಬ ಹಳೆಯ ವಿಧಾನದಿಂದ ಆರ್‌ಡಿಪಿಗೆ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ವಿಧಾನಕ್ಕೆ) ಬದಲಾಯಿತು. ಹಾಗಾಗಿ ಅಪ್‌ಗ್ರೇಡ್ ಆದ ಮೇಲೆ 5900ನೇ ಪೋರ್ಟಿಗೆ ಹೋಗುತ್ತಿದ್ದ ಹಳೆಯ ವೀಕ್ಷಕ ತಂತ್ರಾಂಶಕ್ಕೆ ಏನೂ ಸಿಗದೆ ಹೋಗಬಹುದು. ಲಿನಕ್ಸ್‌ನ ಆರ್‌ಡಿಪಿ ಸರ್ವರ್ ಆದ ಎಕ್ಸ್‌ಆರ್‌ಡಿಪಿ ಬಳಸುವವರಿಗೆ ಕಪ್ಪು ಪರದೆ ಬಂದರೆ, ಅದೇ ಖಾತೆ ಆ ಯಂತ್ರದ ಎದುರಿಗೂ ಲಾಗಿನ್ ಆಗಿದೆಯೇ ಎಂದು ಮೊದಲು ನೋಡಬೇಕು. ಅಲ್ಲಿ ಲಾಗ್ ಔಟ್ ಮಾಡಿಸಿದರೆ ಬಹುತೇಕ ಸರಿಹೋಗುತ್ತದೆ. ಪರದೆ ಬರೆಯುವ ಹೊಸ ವ್ಯವಸ್ಥೆಯಾದ ವೇಲ್ಯಾಂಡನ್ನು ನಿಲ್ಲಿಸಿ ಹಳೆಯ ಎಕ್ಸ್‌ಆರ್ಗ್‌ಗೆ ಮರಳಿ ಎಂಬ ಸಲಹೆ ಬಹಳ ಕಾಲ ನಡೆಯಿತು. ಉಬುಂಟು 25.10ರಲ್ಲಿ ಅದರ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಎಕ್ಸ್‌ಆರ್ಗ್ ಸೆಷನ್ನನ್ನೇ ತೆಗೆದಿರುವುದರಿಂದ ಆ ಸಲಹೆಗೆ ಇನ್ನು ಮುಂದೆ ಆಯುಷ್ಯವಿಲ್ಲ. ಮ್ಯಾಕ್‌ನಲ್ಲಿ ಅಪ್‌ಗ್ರೇಡ್ ನಂತರ ಎನಿಡೆಸ್ಕ್, ಟೀಮ್‌ವ್ಯೂವರ್‌ನಂತಹ ತಂತ್ರಾಂಶಗಳಲ್ಲಿ ಗೋಡೆಚಿತ್ರ ಮಾತ್ರ ಕಂಡು ಕಿಟಕಿಗಳು ಕಾಣದಿದ್ದರೆ, ಅದು ಕೆಟ್ಟಿಲ್ಲ, ಅನುಮತಿ ಕೇಳುತ್ತಿದೆ. 2019ರ ಮ್ಯಾಕ್ ಆವೃತ್ತಿಯಾದ ಕ್ಯಾಟಲಿನಾದಿಂದ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿಯನ್ನು ಬಳಕೆದಾರರೇ ಕೊಡಬೇಕು.

ಎನಿಡೆಸ್ಕ್ ಮಾತು ಬಂದುದರಿಂದ ಇನ್ನೊಂದು ವ್ಯತ್ಯಾಸವನ್ನು ಹೇಳಬೇಕು. ರಿಮೋಟ್ ಡೆಸ್ಕ್‌ಟಾಪ್ ತನ್ನದೇ ಕಾಲ್ಪನಿಕ ಮಾನಿಟರನ್ನು ಸೃಷ್ಟಿಸಿಕೊಳ್ಳುತ್ತದೆ, ಎನಿಡೆಸ್ಕ್‌ನಂತಹವು ಅಲ್ಲಿ ನಿಜವಾಗಿ ಇರುವ ಪರದೆಯನ್ನು ನಕಲಿಸುತ್ತವೆ. ಮಾನಿಟರ್ ಇಲ್ಲದ ಯಂತ್ರದಲ್ಲಿ ಎರಡನೆಯದು ಕಪ್ಪಾಗಿ ಕಂಡರೆ ಅಚ್ಚರಿಯಿಲ್ಲ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ, ಮಾನಿಟರ್ ಇದೆಯೆಂದು ಯಂತ್ರವನ್ನು ನಂಬಿಸುವ ಚಿಕ್ಕ ಡಮ್ಮಿ ಪ್ಲಗ್ ಅದಕ್ಕೆ ಸಾಕು.

ಮಾತು ಮುಗಿದ ಮೇಲೆ ಜೇವರ್ಗಿಯಿಂದ ಬಂದಿದ್ದ ಒಬ್ಬರು, ಏನು ಮಾಡಿದರೂ ಆಗದಿದ್ದರೆ ಹಳೆಯ ವಿಂಡೋಸಿಗೆ ಮರಳಬಹುದೇ ಎಂದು ಕೇಳಿದರು. ಹಳೆಯದರ ಮೇಲೆಯೇ ಏರಿಸಿದ ಅಪ್‌ಗ್ರೇಡ್ ಆದರೆ, ಸಾಮಾನ್ಯವಾಗಿ 10 ದಿನಗಳವರೆಗೆ ರಿಕವರಿ ವಿಭಾಗದ ಗೋ ಬ್ಯಾಕ್ ಗುಂಡಿ ಇರುತ್ತದೆ. ಜಾಗ ಉಳಿಸಲೆಂದು ಯಾರಾದರೂ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರನ್ನು ಅಳಿಸಿದ್ದರೆ ಅದೂ ಇಲ್ಲ. ಆದ್ದರಿಂದ ಅಪ್‌ಗ್ರೇಡ್ ಆದ ಮೊದಲ ವಾರದಲ್ಲೇ ರಿಮೋಟ್ ಸಂಪರ್ಕವನ್ನು ಪರೀಕ್ಷಿಸಿ, ಆ ಫೋಲ್ಡರನ್ನು ಮುಟ್ಟಬೇಡಿ ಎಂದು ಉತ್ತರಿಸಿದೆ. ಯಂತ್ರದ ಬಳಿ ಯಾರೂ ಇಲ್ಲದಾಗ ಪರದೆ ಕಪ್ಪಾದರೆ ಏನು ಗತಿ ಎಂಬುದು ಅವರ ಎರಡನೆಯ ಪ್ರಶ್ನೆ. ಅಡ್ಮಿನಿಸ್ಟ್ರೇಟರ್ ಹಕ್ಕು ಇದ್ದು ಮೊದಲೇ ಸಿದ್ಧಪಡಿಸಿಟ್ಟಿದ್ದರೆ ಅದೇ ನೆಟ್‌ವರ್ಕಿನ ಬೇರೆ ಯಂತ್ರದಿಂದ ಶಟ್‌ಡೌನ್ ಆಜ್ಞೆಯ ಮೂಲಕ ಮರುಚಾಲನೆ ಮಾಡಬಹುದು. ಸಿದ್ಧತೆ ಇಲ್ಲದಿದ್ದರೆ ಬೈಕ್ ಹತ್ತಬೇಕಾಗುತ್ತದೆ.

ಮುನೀಮರ ಕಥೆಯ ಉಳಿದ ತುಣುಕು ಇಷ್ಟು. ಡ್ರೈವರ್ ಹಾಕಿ ಬಂದ ಸಂಜೆ ಮತ್ತೆ ಕರೆ ಬಂದಿತು: "ಸರ್, ಈಗ ಕಾಣತದ್ರಿ, ಆದ್ರ ಅಕ್ಷರ ಇರುವೆಯಷ್ಟು ಸಣ್ಣ ಆಗ್ಯಾವ." ಅವರ ಲ್ಯಾಪ್‌ಟಾಪಿನ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸುವ ಪ್ರಮಾಣ) 150 ಪ್ರತಿಶತ ಇತ್ತು, ಸೆಷನ್ ಮಾತ್ರ ಮಿಲ್ಲಿನ ಮಾನಿಟರಿನಲ್ಲಿ 100 ಪ್ರತಿಶತದಲ್ಲಿ ಆರಂಭವಾದದ್ದು. ಟ್ಯಾಲಿಯಂತಹ ತಂತ್ರಾಂಶಗಳು ತೆರೆದಾಗಿನ ಅಳತೆಯಲ್ಲಿಯೇ ಉಳಿದುಬಿಡಬಹುದು. ಮೇಲ್ತುದಿಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೆ ಸಂಪರ್ಕ ಕಡಿಯುತ್ತದೆ, ಸೆಷನ್ ಮುಗಿಯುವುದಿಲ್ಲ. ಲೆಕ್ಕ ಉಳಿಸಿ, ಟ್ಯಾಲಿ ಮುಚ್ಚಿ, ಸ್ಟಾರ್ಟ್ ಮೆನುವಿನಿಂದ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿರಿ ಎಂದೆ. ಎರಡು ನಿಮಿಷದ ನಂತರ ಅವರೇ ಫೋನ್ ಮಾಡಿ ಆ ದಿನದ ತೊಗರಿಯ ಧಾರಣೆಯನ್ನು ಓದಿ ಹೇಳಿದರು.